ಎದುರು ಮೇಳ ಇಲ್ಲದ ಹಾಡು

ಕನ್ನಡದ ರ‍್ಯಾಪ್ ಹಾಡುಗಾರನೊಬ್ಬ ಹೊಸ ಆಲ್ಬಂ ತಂದಾಗಲೆಲ್ಲ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ಇದು ನಮ್ಮ ನೆಲದ್ದಲ್ಲ, 1973ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿಯಿಂದ ಶುರುವಾಗಿ ಮುಂಬೈಯ ಗಲ್ಲಿಗಳನ್ನು ಹಾದು ಬೆಂಗಳೂರಿಗೆ ಬಂದಿಳಿದ ಸರಕು ಎಂಬುದು ಒಂದು. ಇದರಲ್ಲಿ ಹೊಸದೇನಿದೆ, ನಮ್ಮ ಲಾವಣಿ, ಗೀಗೀ ಪದಗಳೇ ಅಸಲಿ ರ‍್ಯಾಪ್ ಎಂಬುದು ಇನ್ನೊಂದು. ಇವುಗಳ ಜೊತೆಗೆ ಪತ್ರಿಕೆಗಳ ವಿಮರ್ಶಕರು ತಮ್ಮದೂ ಒಂದಿರಲಿ ಎಂದು ಸೇರಿಸುತ್ತಾರೆ: ಮೊದಲ ಆಲ್ಬಮ್ಮಿನಲ್ಲಿ ಬರೀ ಬಡಾಯಿ ಇತ್ತು, ಈಗ ನೋವು ಬಂದಿದೆ, ವಿಚಾರ ಬಂದಿದೆ, ಕಲಾವಿದ ಬೆಳೆದಿದ್ದಾನೆ. ಮೊದಲ ಇಬ್ಬರೂ ಹಾಡಿನ ಮೈಕಟ್ಟನ್ನು ನೋಡಿ ತೀರ್ಪು ಕೊಡುತ್ತಾರೆ. ಮೂರನೆಯವರು ಒಂದು ಆಲ್ಬಮ್ಮನ್ನು ಹಿಂದಿನ ಆಲ್ಬಮ್ಮಿನ ಪಕ್ಕ ಇಟ್ಟು ಅಳೆಯುತ್ತಾರೆ. ಹಾಡು ಯಾರ ಮುಂದೆ ನಿಂತಿತ್ತು, ಯಾರಿಗೆ ಜವಾಬು ಕೊಡಬೇಕಿತ್ತು ಎಂಬುದು ಈ ಲೆಕ್ಕದೊಳಗೆ ಬರುವುದೇ ಇಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಿನ ಹಾಡು-ಮಾತಿನ ಚರಿತ್ರೆಯನ್ನು ಹಿಡಿದು ನೋಡಿದರೆ ಬಿಟ್ಟುಹೋದ ಈ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು ಅನಿಸುತ್ತದೆ. ಈ ಸೀಮೆಯಲ್ಲಿ ಪದಕಾರ ಬೆಳೆದದ್ದು ಎದುರಿಗೊಬ್ಬ ಸವಾಲು ಹಾಕುವವನು ಇದ್ದಾಗ. ಆ ಎದುರಿನವನು ಎದ್ದುಹೋದಾಗಲೆಲ್ಲ ಹಾಡು ಉಳಿದರೂ ಬೆಳವಣಿಗೆ ನಿಂತಿದೆ.

ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಗೆ ಚೌಡದಾನಪುರವಿದೆ. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನೊಂದಿಗೆ ಜನ ಈ ಊರನ್ನು ಜೋಡಿಸಿಕೊಂಡಿದ್ದಾರೆ. ಬಸವಣ್ಣ ಕೂಡಲಸಂಗಮನ ಹೆಸರಿನಲ್ಲಿ, ಅಲ್ಲಮ ಗುಹೇಶ್ವರನ ಹೆಸರಿನಲ್ಲಿ, ಅಕ್ಕ ಚೆನ್ನಮಲ್ಲಿಕಾರ್ಜುನನ ಹೆಸರಿನಲ್ಲಿ ವಚನ ಮುಗಿಸಿದರೆ, ದೋಣಿ ನಡೆಸುವ ಕಾಯಕದ ಚೌಡಯ್ಯ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟ. ಅದೂ ಸುಮ್ಮನೆ ಇಡಲಿಲ್ಲ. ಡಾಂಭಿಕ ಭಕ್ತರನ್ನು, ಹೊಟ್ಟೆಪಾಡಿನ ಜಂಗಮರನ್ನು, ಕುಲದ ಹೆಮ್ಮೆಯವರನ್ನು ಎದುರಿಗೆ ನಿಲ್ಲಿಸಿಕೊಂಡು, ನಾಲಿಗೆಗೆ ಬಂದ ಬಿರುಸಿನಲ್ಲಿ ಬೈದು, ಕೊನೆಯ ಸಾಲಿನಲ್ಲಿ ಹೇಳಿದವನು ಇಂಥವನು ಎಂದು ತನ್ನ ಹೆಸರನ್ನು ಒತ್ತಿದ. ಬೈದದ್ದಕ್ಕೆ ದೇವರನ್ನು ಹೊಣೆ ಮಾಡದ ಈ ಎದೆಗಾರಿಕೆ ವಚನಕಾರರಲ್ಲೇ ಅಪರೂಪದ್ದು. ಇದೇ ಹಾವೇರಿ ಜಿಲ್ಲೆಯ ಅಬಲೂರು, ಮಾಸೂರಿನ ಕಡೆಯವನೆಂದು ಜನ ನಂಬಿರುವ ಸರ್ವಜ್ಞನೂ ಮೂರು ಸಾಲಿನ ಪದ್ಯಕ್ಕೆ ತನ್ನ ಹೆಸರನ್ನೇ ಬೀಗ ಹಾಕಿದ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಕನಕದಾಸರು, ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದ ಶರೀಫರು ದೇವರ ಅಂಕಿತ ಇಟ್ಟವರೇ, ಆದರೆ ಆ ದೇವರಿಗೆ ಊರು ಅಂಟಿಕೊಂಡಿದೆ. ಕಾಗಿನೆಲೆಯ ಆದಿಕೇಶವ, ಶಿಶುನಾಳಧೀಶ. ಹಾಡಿನೊಳಗೆ ತನ್ನ ಹೆಸರನ್ನೋ ಊರನ್ನೋ ಕೂಗಿ ಹೇಳುವ ಅಭ್ಯಾಸ ರ‍್ಯಾಪಿನವರಿಂದ ಬಂದದ್ದು ಎಂದುಕೊಂಡವರು ಈ ನಾಲ್ವರನ್ನು ಒಂದೇ ಜಿಲ್ಲೆಯ ನಕ್ಷೆಯಲ್ಲಿ ಗುರುತು ಹಾಕಿಕೊಂಡು ನೋಡಬೇಕು.

ಕನಕದಾಸರ ‘ರಾಮಧಾನ್ಯ ಚರಿತ್ರೆ’ಯನ್ನು ಸಾಮಾನ್ಯವಾಗಿ ಜಾತಿ, ವರ್ಗಗಳ ರೂಪಕವಾಗಿ ಓದುತ್ತೇವೆ. ಆ ಓದು ಸರಿಯೇ. ಆದರೆ ಅದರ ಕಟ್ಟಡ ಗಮನಿಸಬೇಕು. ಧಾನ್ಯಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ರಾಮನ ಮುಂದೆ ಬರುತ್ತದೆ; ಗೌತಮ ಮುನಿ ರಾಗಿಯನ್ನು ಹೊಗಳುತ್ತಾನೆ; ಅಕ್ಕಿಗೆ ಸಿಟ್ಟು ಬರುತ್ತದೆ. ಅಲ್ಲಿಂದ ಮುಂದೆ ತುಂಬಿದ ಸಭೆಯಲ್ಲಿ ಎರಡು ಧಾನ್ಯಗಳು ಒಂದನ್ನೊಂದು ಮೂದಲಿಸುವುದೇ ಕಾವ್ಯದ ಜೀವ. ನೀನು ಶೂದ್ರರ ತಿನಿಸು ಎಂದು ಅಕ್ಕಿ ಹೀಗಳೆದರೆ, ನೀನು ಉಳ್ಳವರ ಬೆನ್ನು ಹತ್ತಿದವನು, ಬಡವರ ಮುಖ ನೋಡದವನು, ಹೆಣದ ಬಾಯಿಗೆ ಬೀಳುವವನು ಎಂದು ರಾಗಿ ತಿರುಗಿಸಿ ಕೊಡುತ್ತದೆ. ಎರಡೂ ಕಡೆಯ ಬೈಗುಳಕ್ಕೆ ಒಂದೇ ಭಾಮಿನಿ ಷಟ್ಪದಿ, ಒಂದೇ ಬಿಗಿ. ರಾಮ ತಕ್ಷಣ ತೀರ್ಪು ಹೇಳುವುದಿಲ್ಲ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಹೊರಗೆ ಬಂದಾಗ ಅಕ್ಕಿ ಸೊರಗಿದೆ, ರಾಗಿ ಗಟ್ಟಿಯಾಗಿದೆ. ಮಾತಿನಲ್ಲಿ ಗೆಲ್ಲುವುದು ಸಾಲದು, ಕಾಲಕ್ಕೂ ತಡೆದುಕೊಳ್ಳಬೇಕು ಎಂಬ ಈ ಏರ್ಪಾಟನ್ನು ಜಗಳದ ಪದಗಳ ರೀತಿ ಚೆನ್ನಾಗಿ ಬಲ್ಲ ಕವಿಯೇ ಮಾಡಬಲ್ಲ. ಇನ್ನು ಕನಕರ ಮುಂಡಿಗೆಗಳಂತೂ ನೇರ ಸವಾಲುಗಳು. ಬಲ್ಲವರಿದ್ದರೆ ಬಿಡಿಸಿ ಎಂಬ ಧಾಟಿ ಅವುಗಳ ಹುಟ್ಟಿನಲ್ಲೇ ಇದೆ.

ಇಲ್ಲೊಂದು ಆಕ್ಷೇಪ ಏಳುತ್ತದೆ. ವಚನ, ಕೀರ್ತನೆಗಳು ಭಕ್ತಿಯಿಂದ ಹುಟ್ಟಿದವು, ಅವನ್ನು ಅಖಾಡದ ಮಾತಿಗೆ ಇಳಿಸುವುದು ಅವುಗಳಿಗೆ ಮಾಡುವ ಅವಮಾನ ಎಂದು. ಭಕ್ತಿಯನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಚೌಡಯ್ಯನ ವಚನದಿಂದ ಎದುರಾಳಿಯನ್ನು ತೆಗೆದುಹಾಕಿದರೆ ಉಳಿಯುವುದೇನು ಎಂದು ಕೇಳಿಕೊಳ್ಳಬೇಕು. ಅವನ ಭಕ್ತಿ ಎದುರಾಳಿಯ ಮೂಲಕವೇ ಮಾತಾಡುತ್ತದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಇವು ಬರಹದಲ್ಲಿ ಉಳಿದುಬಂದ ಸಾಹಿತ್ಯ, ಇವುಗಳಿಂದ ಹಳ್ಳಿಯ ಹಾಡುಗಾರಿಕೆಯ ಬಗ್ಗೆ ಹೇಗೆ ಹೇಳುತ್ತೀರಿ? ಅದಕ್ಕೆ ಉತ್ತರ ಹರದೇಶಿ-ನಾಗೇಶಿಯಲ್ಲಿದೆ.

ಮರಾಠಿ ಸೀಮೆಯ ಲಾವಣಿ ಉತ್ತರ ಕರ್ನಾಟಕಕ್ಕೆ ಹಬ್ಬಿದಾಗ ಅದರ ಜೊತೆ ಎರಡು ಪಕ್ಷಗಳ ಹಾಡುಗಾರಿಕೆಯೂ ಬಂತು. ಹರದೇಶಿಯವರು ಗಂಡು ಹೆಚ್ಚು, ಶಿವ ಹೆಚ್ಚು ಎಂದು ಹಾಡಬೇಕು. ನಾಗೇಶಿಯವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎಂದು ಹಾಡಬೇಕು. ದಪ್ಪು ಹಿಡಿದ ಮುಂದಾಳು ಒಬ್ಬ, ತುಂತುಣಿ ಮೀಟುತ್ತ, ತಾಳ ಹಾಕುತ್ತ ಗೀಗೀ ಎಂದು ಪಲ್ಲ ಎತ್ತುವವರು ಹಿಂದೆ. ಜಾತ್ರೆಯ ರಾತ್ರಿ ಒಂದು ಮೇಳ ಪುರಾಣದಿಂದಲೋ ಸಂಸಾರದಿಂದಲೋ ಒಂದು ಪ್ರಶ್ನೆ ತೆಗೆದು ಪದದಲ್ಲಿ ಇಟ್ಟರೆ, ಎದುರು ಮೇಳ ಅದಕ್ಕೆ ಪದದಲ್ಲೇ ಜವಾಬು ಕೊಡಬೇಕು. ಬೆಳಗಿನ ತನಕ ಇದೇ. ಮೇಳಕ್ಕೆ ಪದ ಬರೆದುಕೊಡುವ ಕವಿ ಬೇರೆ ಇರಬಹುದು, ಅವನ ವಹಿಯಲ್ಲಿ ನೂರಾರು ಪದ ಇರಬಹುದು, ಆದರೂ ಎದುರಿನವರು ಏನು ಕೇಳುತ್ತಾರೆ ಎಂಬುದು ಗೊತ್ತಿಲ್ಲದ್ದರಿಂದ ವಹಿ ಎಷ್ಟು ದಪ್ಪಗಿದ್ದರೂ ಸಾಲುವುದಿಲ್ಲ. ಹಾಗಾಗಿ ಪದಕಾರ ತನ್ನ ಪಕ್ಷದ ಪುರಾಣವನ್ನಷ್ಟೇ ಓದಿ ಕೂರುವಂತಿರಲಿಲ್ಲ, ಎದುರಿನವರ ಶಾಸ್ತ್ರವನ್ನೂ ಓದಿರಬೇಕಿತ್ತು. ಸೋತ ಪದ ಮುಂದಿನ ಜಾತ್ರೆಯ ಹೊತ್ತಿಗೆ ತಿದ್ದುಪಡಿಯಾಗಿ ಬರುತ್ತಿತ್ತು. ಬೆಳವಣಿಗೆ ಎಂದರೆ ಇದು. ಕಟ್ಟೆಯ ಮೇಲೆ ಕುಳಿತ ಜನ ಅದನ್ನು ಅಲ್ಲೇ, ಆಗಲೇ ಅಳೆಯುತ್ತಿದ್ದರು. ನಾನು ಹೇಳುತ್ತಿರುವುದು ಲಾವಣಿ ರ‍್ಯಾಪಿನ ಅಜ್ಜ ಎಂಬ ಮಾತಲ್ಲ ಎಂದು ಇಲ್ಲೇ ಸ್ಪಷ್ಟಪಡಿಸಬೇಕು. ರಾಗ, ಲಯ, ಉಸಿರಿನ ಲೆಕ್ಕ ಎಲ್ಲ ಬೇರೆ. ಬ್ರಾಂಕ್ಸ್‌ನ ಹುಡುಗರೂ ಇಲ್ಲಿಯ ಮೇಳದವರೂ ಒಬ್ಬರನ್ನೊಬ್ಬರು ಅರಿಯದೆ ಒಂದೇ ನಿಯಮಕ್ಕೆ ಬಂದು ನಿಂತರು, ಅಷ್ಟೇ: ಎದುರಿನವನಿಗೆ ಉತ್ತರಿಸಲಾರದವನು ಇನ್ನೂ ಕಲಿಯಬೇಕಾದವನು.

ಈ ನಿಯಮದ ಅತ್ಯಂತ ಕುತೂಹಲದ ಸಾಕ್ಷಿ ಶಿಶುನಾಳ ಶರೀಫರು (1819–1889). ಅವರ ಬಗ್ಗೆ ಬರೆದವರು ಬಹುಮಟ್ಟಿಗೆ ಒಂದೇ ಏರುಗತಿಯ ಕತೆ ಹೇಳುತ್ತಾರೆ. ಇಮಾಮ ಸಾಹೇಬರ ಮಗ, ಮುಲ್ಕಿ ಪರೀಕ್ಷೆ ಮುಗಿಸಿ ಶಾಲಾ ಮಾಸ್ತರನಾದ. ಹರೆಯದಲ್ಲಿ ಮೊಹರಮ್ಮಿನ ಹೆಜ್ಜೆಮೇಳಗಳಿಗೆ ರಿವಾಯತ ಪದ ಕಟ್ಟಿದ. ಆಮೇಲೆ ಕಳಸದ ಗೋವಿಂದಭಟ್ಟರು ಗುರುವಾಗಿ ಸಿಕ್ಕರು, ನೌಕರಿ ಬಿಟ್ಟ, ತತ್ವಪದಗಳು ಹುಟ್ಟಿದವು. ಈ ಕತೆಯಲ್ಲಿ ರಿವಾಯತ ಎಂದರೆ ಹುಡುಗಾಟದ ಕಾಲ, ತತ್ವಪದ ಎಂದರೆ ಪಕ್ವತೆ. ಇಂದಿನ ಆಲ್ಬಂ ವಿಮರ್ಶೆಯದೂ ಇದೇ ಅಚ್ಚು ಎಂಬುದನ್ನು ಗಮನಿಸಿ. ನನಗೆ ಈ ವಿಭಜನೆ ಒಪ್ಪಿಗೆಯಿಲ್ಲ. ಮೊಹರಂ ಹೊತ್ತಿಗೆ ಈ ಸೀಮೆಯ ಹಳ್ಳಿಗಳಲ್ಲಿ ಅಲಾವಿ ಕುಣಿಯ ಸುತ್ತ ಗೆಜ್ಜೆ ಕಟ್ಟಿದ ಕಾಲುಗಳು ಹಲಗಿಯ ಪೆಟ್ಟಿಗೆ ಹೆಜ್ಜೆ ಹಾಕುತ್ತವೆ. ಮುಸಲ್ಮಾನರ ಮನೆ ಒಂದೋ ಎರಡೋ ಇರುವ ಊರಲ್ಲೂ ಕುಣಿಯುವವರಿಗೆ ಬರವಿಲ್ಲ. ಹಸನ್-ಹುಸೇನರ ಕತೆ, ಕರ್ಬಲಾದ ಕತೆ ಕನ್ನಡದಲ್ಲಿ ಪದವಾಗಿ ಬರುತ್ತದೆ, ಮೇಳಕ್ಕೆ ಮೇಳ ಎದುರಾದಾಗ ಸವಾಲ್-ಜವಾಬ್ ನಡೆಯುತ್ತದೆ. ಹೆಜ್ಜೆ ತಪ್ಪದ ಹಾಗೆ ಮಾತು ಕೂರಿಸಬೇಕು, ಒಂದು ಸಾಲು ಮುಗಿಯುವುದರೊಳಗೆ ಮುಂದಿನದು ನಾಲಿಗೆಯ ತುದಿಗೆ ಬಂದಿರಬೇಕು, ಕೇಳುವವರಲ್ಲಿ ಅರ್ಧ ಜನರ ಧರ್ಮ ಬೇರೆ. ಶರೀಫರು ಕವಿಯಾಗಿ ತಯಾರಾದ ಶಾಲೆ ಇದು.

ಗುರುವನ್ನು ಕಂಡ ಮೇಲೆ ಈ ಶಾಲೆಯ ಪಾಠ ಮರೆತರೇ? ಅವರ ಅತಿ ಪ್ರಸಿದ್ಧ ಪದಗಳಲ್ಲಿ ಒಂದು, ಕೋಳಿಯೊಂದು ಕೋಡಗವನ್ನು ನುಂಗಿದ ಸುದ್ದಿಯಿಂದ ಶುರುವಾಗುತ್ತದೆ. ಅಲ್ಲಿಂದ ಸಾಲಿಗೊಂದು ಅಸಾಧ್ಯ. ಸಣ್ಣದು ದೊಡ್ಡದನ್ನು, ಜಡವಾದದ್ದು ಜೀವವಿರುವುದನ್ನು ನುಂಗುತ್ತ ಹೋಗುತ್ತದೆ. ಯಾಕೆ ಎಂದು ಪದ ಹೇಳುವುದಿಲ್ಲ, ಕೊನೆಗೆ ಗುರುವಿನ ಪಾದದ ಹತ್ತಿರ ಕೊಂಡೊಯ್ದು ನಿಲ್ಲಿಸುತ್ತದೆ. ಇದು ಅಲ್ಲಮನ ಬೆಡಗಿನ, ಕನಕರ ಮುಂಡಿಗೆಯ ವಂಶದ್ದು ಎಂದು ಸಾಹಿತ್ಯ ಚರಿತ್ರೆ ಹೇಳುತ್ತದೆ. ಹೌದು, ಆದರೆ ಹೆಜ್ಜೆಮೇಳದ ಸವಾಲಿನ ವಂಶವೂ ಹೌದು. ಭಜನಾ ಮೇಳಗಳಲ್ಲಿ ಇಂಥ ಪದ ಹಾಡಿದ ಮೇಲೆ ಅರ್ಥ ಬಿಡಿಸುವ ರೂಢಿಯಿದೆ. ಕೋಡಗ ಯಾವುದು, ಕೋಳಿ ಯಾವುದು, ಮನಸ್ಸೋ ಜ್ಞಾನವೋ ಎಂದು ಹಿರಿಯರು ಜಗಳಾಡದೆ ಬಿಡುವುದಿಲ್ಲ. ಹುಬ್ಬಳ್ಳಿಯ ಗಿರಣಿಯನ್ನು ನೋಡಿ ಕಟ್ಟಿದ ಪದವೂ ಹಾಗೆಯೇ. ಊರ ಜನರೆಲ್ಲ ಬೆರಗಾಗಿ ನೋಡುತ್ತಿದ್ದ ಹೊಸ ಯಂತ್ರವನ್ನು ಹಿಡಿದು, ಅದರ ಒಂದೊಂದು ಭಾಗಕ್ಕೂ ದೇಹದ ಒಂದೊಂದು ಸಂಗತಿ ಹೊಂದಿಸಿ, ನಿನ್ನೊಳಗಿನ ಗಿರಣಿ ನಡೆಸುವವರು ಯಾರು ಎಂದು ಕೇಳುಗನಿಗೇ ತಿರುಗಿಸುತ್ತಾರೆ. ಕಾಲದ ಸುದ್ದಿಯನ್ನು ತಕ್ಷಣ ಪದಕ್ಕೆ ಎಳೆದುಕೊಳ್ಳುವ ಈ ಚುರುಕು ಮೇಳದ ಹಾಡುಗಾರನದು. ಎದುರಾಳಿ ಬದಲಾದ, ಕಸುಬು ಬದಲಾಗಲಿಲ್ಲ. ಮೊದಲು ಎದುರು ಮೇಳ ನಿಂತಿದ್ದ ಜಾಗದಲ್ಲಿ ಈಗ ಕೇಳುಗ ನಿಂತಿದ್ದಾನೆ.

ಕಲೆ ಬೆಳೆಯುವುದು ಗುರುವಿನ ಅಡಿಯಲ್ಲಿ, ಸಾಧನೆಯಿಂದ, ಪೈಪೋಟಿಯಿಂದಲ್ಲ ಎನ್ನುವವರು ಇದೇ ಜಿಲ್ಲೆಯ ಉದಾಹರಣೆಗಳನ್ನು ಕೊಡಬಹುದು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು, ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಟ್ಟಿದ್ದು ಗುರುಪರಂಪರೆಯನ್ನೇ. ರಾಗಸಂಗೀತದ ಮಟ್ಟಿಗೆ ಇದನ್ನು ಒಪ್ಪಲೇಬೇಕು. ಮಾತು ಮುಖ್ಯವಾದ ಹಾಡಿನ ಸಂಗತಿ ಬೇರೆ. ಶರೀಫರು ಗೋವಿಂದಭಟ್ಟರನ್ನು ಮೊದಲು ಭೇಟಿಯಾದ ಬಗೆಯನ್ನು ಜನ ಹೇಳುವ ಕತೆಯೇ ನೋಡಿ. ನಿನ್ನಪ್ಪ ಯಾರು ಎಂದು ಭಟ್ಟರು ಕೇಳಿದರು; ನಿಮ್ಮಪ್ಪ ಯಾರೋ ಅವನೇ ನನ್ನಪ್ಪ ಎಂದ ಹುಡುಗ. ಜವಾಬು ಮೆಚ್ಚಿ ಭಟ್ಟರು ಶಿಷ್ಯನನ್ನಾಗಿ ಮಾಡಿಕೊಂಡರಂತೆ. ನಡೆದದ್ದೋ ಕಟ್ಟಿದ್ದೋ, ಈ ಸೀಮೆಯ ಜನ ತಮ್ಮ ದೊಡ್ಡ ಕವಿಯ ದೀಕ್ಷೆಯನ್ನೂ ಸವಾಲ್-ಜವಾಬಿನ ರೂಪದಲ್ಲೇ ನೆನಪಿಟ್ಟುಕೊಂಡಿದ್ದಾರೆ ಎಂಬುದು ಗಮನಿಸಬೇಕಾದದ್ದು.

ಎದುರು ಮೇಳ ಇಲ್ಲವಾದದ್ದು ಮೊದಲು ಕ್ಯಾಸೆಟ್ಟಿನಿಂದಲ್ಲ. ಸ್ವಾತಂತ್ರ್ಯ ಚಳವಳಿಯಲ್ಲಿ ಲಾವಣಿ, ಗೀಗೀ ಪದಗಳು ಹಳ್ಳಿಹಳ್ಳಿಗೆ ಸುದ್ದಿ ಮುಟ್ಟಿಸಿದವು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯೊಂದಿಗೆ ದಂಡಿಗೆ ನಡೆದ ಕನ್ನಡಿಗ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಇಬ್ಬರು ಸಂಗಾತಿಗಳೊಂದಿಗೆ ಗುಂಡಿಗೆ ಬಲಿಯಾದವರು. ಅಂಥವರ ಸೀಮೆಯಲ್ಲಿ ಪದಕ್ಕೆ ಎದುರಾಳಿಯಾಗಿ ಸರ್ಕಾರವೇ ನಿಂತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಅದೇ ಸರ್ಕಾರ, ಈಗ ನಮ್ಮದು, ಗೀಗೀ ಮೇಳವನ್ನು ಕುಟುಂಬ ಯೋಜನೆಗೆ, ಸಾಕ್ಷರತೆಗೆ, ಬೆಳೆ ವಿಮೆಗೆ ಪ್ರಚಾರಕ್ಕೆ ಕರೆಯಿತು. ಮೇಳದವರಿಗೆ ನಾಲ್ಕು ಕಾಸು ಸಿಕ್ಕಿತು, ಅದು ಸಣ್ಣ ಮಾತಲ್ಲ. ಆದರೆ ಚಿಕ್ಕ ಸಂಸಾರ ಬೇಡ ಎಂದು ಪದ ಕಟ್ಟುವ ನಾಗೇಶಿಯನ್ನು ಯಾವ ಇಲಾಖೆಯೂ ಕರೆಸಲಿಲ್ಲ. ಒಂದೇ ಪಕ್ಷ ಹಾಡಿತು, ಗೀಗೀ ಎಂಬ ಪಲ್ಲ ಉಳಿಯಿತು, ಪದ ಪೇಲವವಾಯಿತು.

ಆಮೇಲೆ ಬಂದದ್ದು ಧ್ವನಿಮುದ್ರಣದ ಕಾಲ. ಸಿ. ಅಶ್ವತ್ಥ್ ಶರೀಫರ ಪದಗಳಿಗೆ ಕೊಟ್ಟ ಧಾಟಿ, ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಆ ಪದಗಳನ್ನು ಓದುಗರಿಗೂ ಗಾಯಕರಿಗೂ ಪರಿಚಯಿಸಲು ಪಟ್ಟ ಶ್ರಮ, 1990ರಲ್ಲಿ ಟಿ.ಎಸ್. ನಾಗಾಭರಣ ಮಾಡಿದ ‘ಸಂತ ಶಿಶುನಾಳ ಶರೀಫ’ ಚಿತ್ರ, ಇವೆಲ್ಲ ಸೇರಿ ಶಿಗ್ಗಾವಿ ತಾಲ್ಲೂಕಿನ ಪದಕಾರನನ್ನು ಮೈಸೂರು, ಮಂಗಳೂರಿನ ಮನೆಗಳಿಗೂ ತಲುಪಿಸಿದವು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಗುಡುಗುಡಿಯ ಪದವನ್ನೂ ಸೋರುವ ಮಾಳಿಗೆಯ ಪದವನ್ನೂ ಗಿಟಾರಿನ ಜೊತೆ ಹಾಡಿದಾಗ, ಕನ್ನಡ ಬಾರದವರೂ ಅವಕ್ಕೆ ಕುಣಿದರು. ಇವರು ಮಾಡದಿದ್ದರೆ ಆ ಪದಗಳ ಬಹುಪಾಲು ಇಂದು ನಾಲ್ಕು ತಾಲ್ಲೂಕಿನ ಭಜನಾ ಮಂಡಳಿಗಳಲ್ಲಷ್ಟೇ ಇರುತ್ತಿದ್ದವು ಎಂದು ವಾದಿಸುವವರಿಗೆ ನಾನು ಎದುರಾಡುವುದಿಲ್ಲ. ಆದರೆ ಆಲ್ಬಂ ಎಂದರೆ ಆರಿಸುವುದು, ಆರಿಸಿದವರು ಸುಗಮ ಸಂಗೀತದ ಕಿವಿಯವರು. ಅವರಿಗೆ ಬೇಕಾದದ್ದು ಸಂತ. ರಿವಾಯತ ಕಟ್ಟಿದ ಮೇಳದ ಮನುಷ್ಯ ಕ್ಯಾಸೆಟ್ಟಿನ ಹೊರಗೇ ಉಳಿದ. ಮಾಳಿಗೆ ಸೋರುತ್ತಿದೆ ಎಂಬ ಪದವನ್ನು ಸ್ಟುಡಿಯೋದಲ್ಲಿ ಎಷ್ಟು ಚೆಂದಾಗಿ ಹಾಡಿದರೂ, ಯಾವ ಮಾಳಿಗೆ, ಯಾರ ಮನೆಯದು ಎಂದು ಅಲ್ಲಿ ಎದ್ದು ಕೇಳುವವರಿಲ್ಲ. ಶರೀಫರು ತೀರಿಕೊಂಡು ಸುಮಾರು ನೂರು ವರ್ಷಕ್ಕೆ ಬಂದ ಕೀರ್ತಿ ಹೀಗೆ ಅವರ ಅರ್ಧ ಕಸುಬನ್ನು ಮರೆಸಿಯೇ ಬಂತು.

ಎದುರು ಮೇಳ ಹೋದದ್ದೇ ಒಳ್ಳೆಯದಾಯಿತು ಎನ್ನುವವರೂ ಇದ್ದಾರೆ. ಪೈಪೋಟಿಯ ಪದಗಳಲ್ಲಿ ಹೊಲಸು ಮಾತು, ಜಾತಿಯ ಚುಚ್ಚು, ಹೆಂಗಸರ ನಿಂದೆ ಎಷ್ಟಿತ್ತು ಎಂಬುದು ಗೊತ್ತಿರುವ ಸಂಗತಿಯೇ. ಪೈಪೋಟಿ ಈ ನೆಲದಲ್ಲಿ ಬರೀ ಮಾತಿನಲ್ಲಿ ನಿಂತಿಲ್ಲ ಎಂಬುದಕ್ಕೆ ಅಬಲೂರಿನ ಶಾಸನವೇ ಇದೆ. ಶಿವಭಕ್ತ ಏಕಾಂತದ ರಾಮಯ್ಯ ಜೈನರೊಂದಿಗೆ ತಲೆಯನ್ನೇ ಪಣ ಕಟ್ಟಿ ಗೆದ್ದನೆಂದೂ, ಅರಸ ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟನೆಂದೂ ಅದು ಹೇಳುತ್ತದೆ; ಆ ಜಯದಲ್ಲಿ ಸೋತವರ ಬಸದಿಯ ಗತಿ ಏನಾಯಿತು ಎಂಬುದನ್ನು ನೆನೆದರೆ ಹೆಮ್ಮೆ ಪಡುವಂಥದ್ದೇನಿಲ್ಲ. ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಏನೆಂದರೆ, ಹರದೇಶಿ-ನಾಗೇಶಿಯ ಕಟ್ಟಳೆ ಹೆಣ್ಣಿನ ಪಕ್ಷಕ್ಕೂ ಒಂದು ಖಾಯಂ ಜಾಗ ಇಟ್ಟಿತ್ತು. ಅಲ್ಲಿ ಹಾಡಲು ನಿಂತದ್ದು ಗಂಡಸೇ ಆಗಿದ್ದಾಗಲೂ ಆ ರಾತ್ರಿ ಅವನು ಹೆಣ್ಣಿನ ಪರವಾಗಿ ವಾದ ಹೂಡಲೇಬೇಕಿತ್ತು. ಇಂದು ಹೆಣ್ಣನ್ನು ಹೀಗಳೆಯುವ ರ‍್ಯಾಪ್ ಹಾಡಿಗೆ ಅದೇ ತಾಳದಲ್ಲಿ, ಅದೇ ವೇದಿಕೆಯಲ್ಲಿ, ಅದೇ ರಾತ್ರಿ ಉತ್ತರ ಬರಬೇಕೆಂಬ ಕಟ್ಟಳೆ ಎಲ್ಲಿದೆ?

ಟಿವಿ ಈ ಜಾಗವನ್ನು ತುಂಬಿದೆಯೇ ಎಂದು ನೋಡಿದರೆ ಚಿತ್ರ ಸ್ವಲ್ಪ ಗೊಂದಲದ್ದು. ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿಯ ಕುರಿ ಕಾಯುವ ಯುವಕ ಹನುಮಂತ ಲಮಾಣಿ ಸರಿಗಮಪ ವೇದಿಕೆಯಲ್ಲಿ ಜನಪದ ಗೀತೆ ಹಾಡಿ ಎರಡನೆಯ ಸ್ಥಾನ ಪಡೆದು, 2025ರ ಜನವರಿಯಲ್ಲಿ ಬಿಗ್ ಬಾಸ್ ಕನ್ನಡದ ಹನ್ನೊಂದನೆಯ ಆವೃತ್ತಿ ಗೆದ್ದರು. ಅದೇ ಬಿಗ್ ಬಾಸನ್ನು 2018ರಲ್ಲಿ ಗೆದ್ದವರು ಹಾಸನ ಜಿಲ್ಲೆಯ ರ‍್ಯಾಪರ್ ಚಂದನ್ ಶೆಟ್ಟಿ. ಜನಪದದವನಿಗೂ ರ‍್ಯಾಪಿನವನಿಗೂ ಒಂದೇ ಪ್ರಶಸ್ತಿ ಕೊಟ್ಟ ಪ್ರೇಕ್ಷಕರಿಗೆ ಈ ಎರಡರ ನಡುವೆ ಗೋಡೆ ಕಾಣುವುದಿಲ್ಲ ಎಂಬುದು ಸ್ಪಷ್ಟ. ವೇದಿಕೆಯಲ್ಲಿ ಎದುರಾಳಿಗಳೂ ಇರುತ್ತಾರೆ. ಆದರೆ ಅವರು ಒಬ್ಬರ ಹಾಡಿಗೆ ಒಬ್ಬರು ಉತ್ತರ ಕೊಡುವುದಿಲ್ಲ, ಸರದಿಯಲ್ಲಿ ಬಂದು ಹಾಡಿ ತೀರ್ಪುಗಾರರ ಕಡೆ ನೋಡುತ್ತಾರೆ. ಬೆಳವಣಿಗೆಯನ್ನು ಹಿನ್ನೆಲೆ ಸಂಗೀತ ಹಾಕಿದ ವಿಡಿಯೋದಲ್ಲಿ ಜರ್ನಿ ಎಂದು ತೋರಿಸಲಾಗುತ್ತದೆ.

ಸವಾಲಿನ ಹಸಿವು ಈ ಸೀಮೆಯಲ್ಲಿ ಸತ್ತಿಲ್ಲ ಎಂಬುದು ದೀಪಾವಳಿ ಕಳೆದ ಮೇಲೆ ಗೊತ್ತಾಗುತ್ತದೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಹಾನಗಲ್, ಹಿರೇಕೆರೂರು ಕಡೆ ಕೊಬ್ಬರಿ ಹೋರಿಯ ಹಬ್ಬಗಳು ಶುರುವಾಗುತ್ತವೆ. ಒಣಕೊಬ್ಬರಿಯ ಹಾರ, ಬಲೂನು, ಜೂಲ ಹಾಕಿಸಿಕೊಂಡ ಹೋರಿ ಜನರ ನಡುವೆ ನುಗ್ಗಬೇಕು, ಹಿಡಿಯುವವರು ಅದರ ಕೊಬ್ಬರಿ ಹರಿಯಬೇಕು; ಹರಿಯಗೊಡದೆ ಓಡಿದ್ದು ಗೆದ್ದ ಹೋರಿ. ಈ ಆಟದಲ್ಲಿ ಜೀವ ಹೋದವರಿದ್ದಾರೆ, ಅದನ್ನು ಹಾಡಿನ ಅಬ್ಬರದಲ್ಲಿ ಮರೆಯುವಂತಿಲ್ಲ. 2023ರ ಮೇ 18ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಕಂಬಳಗಳ ರಾಜ್ಯ ಕಾನೂನುಗಳನ್ನು ಎತ್ತಿಹಿಡಿದ ಮೇಲೂ ಸುರಕ್ಷತೆಯ ಪ್ರಶ್ನೆ ಹಾಗೇ ಇದೆ. ಹೆಸರುವಾಸಿ ಹೋರಿಗಳಿಗೆ ಅಭಿಮಾನಿ ಬಳಗಗಳಿವೆ. ಅಂಥ ಹೋರಿ ಸತ್ತರೆ ಮೆರವಣಿಗೆ ಮಾಡಿ ಮಣ್ಣು ಮಾಡುತ್ತಾರೆ. ಈಚೆಗೆ ಹೋರಿಗಳ ಮೇಲೆ ಹಾಡು ಕಟ್ಟಿಸಿ, ಡಿಜೆ ಬೀಟ್ ಹಾಕಿಸಿ, ಯೂಟ್ಯೂಬಿಗೆ ಬಿಡುವುದು ರೂಢಿಯಾಗಿದೆ. ಹೋರಿಯ ಹೆಸರು, ಊರಿನ ಹೆಸರು, ಸಾಕಿದವರ ಹೆಸರು, ಹಿಡಿಯಲು ಬಂದವರಿಗೆ ಎಚ್ಚರಿಕೆ, ಎಲ್ಲ ಆ ಹಾಡಿನೊಳಗೆ ಇರುತ್ತವೆ. ಕಾವ್ಯ ಎಂದು ಹೊಗಳುವಂಥ ಪದಗಳೇನೂ ಅಲ್ಲ. ಸಿನಿಮಾ ಧಾಟಿಯ ಎರವಲೂ ಬೇಕಾದಷ್ಟಿದೆ. ಆದರೂ ಆಲ್ಬಮ್ಮಿಗಿಂತ ಮೇಳಕ್ಕೆ ಇವು ಹತ್ತಿರ. ಯಾಕೆಂದರೆ ಹಾಡಿನಲ್ಲಿ ಕೊಚ್ಚಿಕೊಂಡದ್ದನ್ನು ಹೋರಿ ಮುಂದಿನ ವಾರ ಅಖಾಡದಲ್ಲಿ ಸಾಬೀತು ಮಾಡಲೇಬೇಕು, ಕೊಬ್ಬರಿ ಹರಿದುಹೋದರೆ ಹಾಡು ನಗೆಪಾಟಲು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೇ ಇದೆ, ಶಿಶುವಿನಹಾಳವೂ ಅದೇ ತಾಲ್ಲೂಕು. ಅಲ್ಲಿಯ ಯಾರಾದರೂ ರಿವಾಯತದ ವಹಿಗಳ ಪಕ್ಕದಲ್ಲಿ ಈ ಹೋರಿ ಹಾಡುಗಳನ್ನೂ ಇಟ್ಟು, ಯಾವ ಹಾಡಿಗೆ ಯಾವ ಊರಿನ ಹಾಡು ಜವಾಬು ಕೊಟ್ಟಿತು ಎಂದು ತಾರೀಖಿನ ಪ್ರಕಾರ ಜೋಡಿಸಿದರೆ, ಪಟ್ಟಣದ ರ‍್ಯಾಪರ್‌ಗಳ ಆಲ್ಬಮ್ಮುಗಳನ್ನು ಅಳೆಯಲೂ ಒಂದು ಕೋಲು ಸಿಕ್ಕೀತು.